ಕುಬೇರಪ್ಪ ಕಾಕಾ ಹೇಳದ ನಾಲ್ಕು ಅಂಕಿ

ಭುವನೇಶ್ವರಿಗೆ ಸರತಿ ಸಾಲು ಕಂಡರೆ ಆಗದು. ಪರದೇಶದ ಈ ಬೇ ಏರಿಯಾದ ಐದಾರು ಊರುಗಳ ಹಿರಿಯರಿಗೆ ಸೇವೆ ಒದಗಿಸುವ ಸರ್ಕಾರಿ ಇಲಾಖೆಯಲ್ಲಿ ಅವಳು ಅಧಿಕಾರಿ. ಕೌಂಟರುಗಳನ್ನು ಮುಚ್ಚಿಸಿ, ಕೆಲಸವನ್ನೆಲ್ಲ ಫೋನಿಗೂ ಕಂಪ್ಯೂಟರಿಗೂ ತಂದವಳು ಅವಳೇ. "ವಯಸ್ಸಾದವರು ತಾಸುಗಟ್ಟಲೆ ನಿಲ್ಲೂದು ನೋಡಾಕ ಆಗಂಗಿಲ್ಲ" ಎನ್ನುತ್ತಿದ್ದಳು. ಮನಸಾರೆ ಅನ್ನುತ್ತಿದ್ದಳು, ಹದಿನೈದು ವರ್ಷದ ಗೆಳತಿ ನಾನು, ಅಷ್ಟನ್ನು ಒಪ್ಪಲೇಬೇಕು. ಆದರೆ ಒಂದು ಕಿಟಕಿಯಲ್ಲಾದರೂ ಮನುಷ್ಯರ ಮುಖ ಇರಲಿ ಎಂದು ನಾನಂದಾಗ ನಕ್ಕುಬಿಟ್ಟಳು. ಆ ನಗು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ಶನಿವಾರ ಬೆಳಿಗ್ಗೆ ಡ್ಯಾನ್‌ವಿಲ್‌ನ ಪಾರ್ಕಿನಲ್ಲಿ ನಮ್ಮ ಕನ್ನಡದ ಹಿರಿಯರು ಸೇರುತ್ತಾರೆ. ಅಲ್ಲಿ ಅವಳದು ಮೋಸದ ಫೋನುಗಳ ಪಾಠ. "ಮೆಸೇಜಿನಾಗ ಬಂದ ನಂಬರ ಯಾರಿಗೂ ಹೇಳಬ್ಯಾಡ್ರಿ. ಸರ್ಕಾರದವ್ರು ಅಂದ್ರೂ ಹೇಳಬ್ಯಾಡ್ರಿ. ಕಟ್ ಮಾಡ್ರಿ." ಗದುಗಿನ ಕುಬೇರಪ್ಪ ಕಾಕಾ ಅದನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡರು. ಅವರ ಹೆಂಡತಿ ಶರಣವ್ವನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಗ ಆಫೀಸಿಗೆ ಹೋದ ಮೇಲೆ ಇಲಾಖೆಯ ವ್ಯಾನೇ ಬಂದು ಕರೆದೊಯ್ಯುತ್ತಿತ್ತು.

ಮಾರ್ಚಿನಲ್ಲಿ ಭುವನೇಶ್ವರಿಯ ಹೊಸ ವ್ಯವಸ್ಥೆ ಬಂತು. ವ್ಯಾನು ಮುಂದುವರಿಯಬೇಕಾದರೆ ಇಲಾಖೆಯ ಫೋನು ಬಂದಾಗ ಮೆಸೇಜಿನಲ್ಲಿರುವ ನಾಲ್ಕು ಅಂಕಿ ಹೇಳಬೇಕು. ಏಳು ಸಲ ಹೇಳದಿದ್ದರೆ ಹೆಸರು ಪಟ್ಟಿಯಿಂದ ಹೋಗುತ್ತದೆ. ಪಾರ್ಕಿನ ಪಾಠವೂ ಅವಳದೇ, ಈ ನಿಯಮವೂ ಅವಳದೇ. ಒಂದಕ್ಕೊಂದು ಅಡ್ಡ ಬರುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ.

ಒಂದು ಬುಧವಾರ ವ್ಯಾನು ಬರಲಿಲ್ಲ. ದಂಪತಿ ಮಧ್ಯಾಹ್ನದವರೆಗೆ ಬಾಗಿಲಲ್ಲೇ ಕಾದರು. ಮಗನಿಗೆ ಮೀಟಿಂಗು ಇರುತ್ತದೆ, ತೊಂದರೆ ಯಾಕೆ ಎಂದು ಅವನಿಗೂ ಹೇಳಲಿಲ್ಲ. ಯಾಕೆ ಬರಲಿಲ್ಲ ಎಂದು ಆಸ್ಪತ್ರೆಯಿಂದ ಬಂದ ಫೋನನ್ನೂ ಕಾಕಾ ಮೋಸದ್ದೆಂದು ಕಟ್ ಮಾಡಿದರು. ಶುಕ್ರವಾರವೂ ಹಾಗೇ ಆಯಿತು. ಭಾನುವಾರ ಬೆಳಿಗ್ಗೆ ಶರಣವ್ವ ಉಸಿರು ಕಟ್ಟಿ ತೀರಿಕೊಂಡರು.

ಮರುದಿನ ಭುವನೇಶ್ವರಿ ಆಫೀಸಿನಲ್ಲಿ ಶರಣವ್ವನ ದಾಖಲೆ ತೆಗೆದು ನೋಡಿದಳು. ಏಳು ಕರೆಗಳು, ಏಳರಲ್ಲೂ ಅಂಕಿ ಹೇಳಿಲ್ಲ. ಕಾಕಾನನ್ನು ಮಾತಾಡಿಸಿ ಬರಲು ನಾವಿಬ್ಬರೂ ಕಾರಿನಲ್ಲಿ ಹೊರಟೆವು.

"ಎಲ್ಲಾ ಹೇಳಿಬಿಡ್ತೀನಿ. ಬೈದ್ರ ಬೈಸ್ಕೋತೀನಿ" ಎಂದಳು.

"ಹೇಳ್ಲೇಬೇಕು ನೀನು" ಎಂದು ನಾನೂ ಖಾರವಾಗಿಯೇ ಅಂದೆ.

ಕಾಕಾ ನಮ್ಮನ್ನು ಸೋಫಾದ ಮೇಲೆ ಕೂರಿಸಿದರು. ಅವಳು "ಕಾಕಾ, ಆ ವ್ಯಾನು..." ಎಂದು ಶುರುಮಾಡುವಷ್ಟರಲ್ಲಿ ಅವರೇ ಮಾತು ತೆಗೆದರು.

"ವ್ಯಾನ್ ಯಾಕ ನಿಂತಿತೋ ಆ ದೇವರಿಗೇ ಗೊತ್ತವಾ. ಅದರಾಗ ಕಳ್ಳರ ಕಾಟ ಬ್ಯಾರೆ. ಸರ್ಕಾರದವ್ರು ಅಂತ ಏಳು ಸಲ ಫೋನ್ ಮಾಡಿದ್ರು. ಒಂದ ಸಲಾನೂ ನಂಬರ ಹೇಳಲಿಲ್ಲ ನಾ." ಜೇಬಿನಿಂದ ಆ ಚೀಟಿ ತೆಗೆದು ತೋರಿಸಿದರು. "ನೀ ಕಲಿಸಿದ್ದು ಮರತಿಲ್ಲ ನೋಡು."

ಭುವನೇಶ್ವರಿ ಚೀಟಿಯನ್ನು ಮಡಚಿ ಅವರ ಕೈಗೇ ಕೊಟ್ಟಳು.

"ಛಲೋ ಮಾಡಿದ್ರಿ, ಕಾಕಾ" ಎಂದಳು.

ಹೌದೆಂದು ನಾನೂ ತಲೆಯಾಡಿಸಿದೆ.