ಅಪ್ಪಂದಿರ ಹೊಟ್ಟೆಗೆ ಹೋದ ಹನ್ನೊಂದು ಮಂದಿ

ಸಿಂಗಪುರದಲ್ಲಿ ನನಗೆ ಸಿಕ್ಕ ಮೊದಲ ಕೆಲಸ ಸತ್ತವರ ಸೇವೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ರಾಜಕಾರಣಿಗಳು, ಅದರಲ್ಲೂ ಅವರ ಊರಿನವರೇ ಮರೆತುಬಿಟ್ಟಂಥವರು, ಅವರ ಇಡೀ ಬದುಕನ್ನು ನೂರಿಪ್ಪತ್ತು ಪದಗಳಲ್ಲಿ ಬರೆಯಬೇಕು. ಅಮೆರಿಕದ ಶಾಲೆಯ ಮಕ್ಕಳು ನೋಡುವ ಒಂದು ವೆಬ್‌ಸೈಟಿಗೆ ಅದು ಹೋಗುತ್ತಿತ್ತು. ಅಮೆರಿಕದವರ ಚರಿತ್ರೆಯನ್ನು ಸಿಂಗಪುರದ ಬ್ಯೂನಾ ವಿಸ್ಟಾದ ಒಂದು ಆಫೀಸಿನಲ್ಲಿ ಕೂತು ಮೈಸೂರಿನವಳು ಯಾಕೆ ಬರೆಯಬೇಕು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಇತಿಹಾಸದ ಎಂ.ಎ. ಸರ್ಟಿಫಿಕೇಟನ್ನು ಸೂಟ್‌ಕೇಸಿನ ತಳದಲ್ಲಿಟ್ಟು, ಎಂಟು ವರ್ಷ ಗಂಡನ ಕೆಲಸದ ಮೇಲೆ ಹೆಂಡತಿಗೆ ಸಿಗುವ ಡಿಪೆಂಡೆಂಟ್ ಪಾಸ್ ಹಿಡಿದುಕೊಂಡು, "ನೀವೇನ್ ಮಾಡ್ಕೊಂಡಿದೀರಾ?" ಎಂದು ಕೇಳಿದವರಿಗೆಲ್ಲ ಹಲ್ಲು ಕಿರಿದವಳಿಗೆ ಕೆಲಸ ಸಿಕ್ಕಿದ್ದೇ ದೊಡ್ಡದು. ಆರು ತಿಂಗಳು ಪ್ರೊಬೇಷನ್, ಅದು ದಾಟಿದರೆ ಕನ್ಫರ್ಮ್. ಆ ಕನ್ಫರ್ಮ್ ಪತ್ರ ನನಗೆ ಎಷ್ಟು ಬೇಕಾಗಿತ್ತೆಂದರೆ, ಹೇಳಿಕೊಳ್ಳಲು ನಾಚಿಕೆಯಾಗುವಷ್ಟು.

ಈ ಮಹನೀಯರ ಬದುಕುಗಳು ಒಂದೇ ಅಚ್ಚಿನಲ್ಲಿ ತೆಗೆದ ಇಡ್ಲಿಗಳು. ಹುಟ್ಟಿದ, ಹಳ್ಳಿ ಶಾಲೆಯಲ್ಲಿ ಓದಿದ, ನಾಲ್ಕು ದಿನ ಮೇಷ್ಟ್ರಾದ, ವಕೀಲನಾದ, ಚುನಾವಣೆಗೆ ನಿಂತು ಗೆದ್ದ, ಇನ್ನೊಂದು ಸಲ ನಿಂತು ಸೋತ, ವಕೀಲಿಗೆ ಮರಳಿದ, ಸತ್ತ. ಕೊನೆಗೆ ಯಾವ ಸ್ಮಶಾನದಲ್ಲಿ ಹೂತರು ಎಂಬುದನ್ನು ತಪ್ಪದೆ ಬರೆಯಬೇಕು. ಹೆಂಡತಿ ಇದ್ದಳೋ ಇಲ್ಲವೋ, ಅದು ಬೇಡ. ಮಧ್ಯೆ ಒಮ್ಮೊಮ್ಮೆ ರುಚಿಕಟ್ಟಾದವನೊಬ್ಬ ಸಿಗುತ್ತಿದ್ದ. ಮೂರು ಪಕ್ಷ ಬದಲಾಯಿಸಿ ಮೂರರಲ್ಲೂ ಸೋತವನನ್ನು ಕಂಡಾಗ, ಪಕ್ಷಾಂತರ ನಮ್ಮ ವಿಧಾನಸೌಧದವರು ಕಂಡುಹಿಡಿದದ್ದಲ್ಲ ಎಂದು ಸಮಾಧಾನವಾಯಿತು. ಮತ್ತೊಬ್ಬ ಭಾಷಣ ಮಾಡುತ್ತಾ ಮಾಡುತ್ತಾ ಸಭೆ ಖಾಲಿಯಾದರೂ ನಿಲ್ಲಿಸದೆ, ಬಾಗಿಲು ಹಾಕಲು ಬಂದವನಿಗೆ ಉಳಿದರ್ಧ ಹೇಳಿದನಂತೆ. ಅವನನ್ನು ನೂರಿಪ್ಪತ್ತು ಪದಕ್ಕೆ ಇಳಿಸುವಾಗ ಸ್ವಲ್ಪ ಸೇಡು ತೀರಿಸಿಕೊಂಡ ಹಾಗಿತ್ತು.

ಮನೆಯವರು ಪಾಸಿರ್ ಪಂಜಾಂಗಿನ ಹಡಗು ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಜುರಾಂಗ್ ಈಸ್ಟಿನ ನಮ್ಮ ಫ್ಲ್ಯಾಟಿಗೆ ಬಂದು ಶೂ ಬಿಚ್ಚುವ ಮೊದಲೇ, "ಏನು, ಇವತ್ತು ಎಷ್ಟು ಜನಾನ ಮಣ್ಣು ಮಾಡ್ದೆ?" ಎನ್ನುವರು. "ಹದಿನಾಲ್ಕು," ಎನ್ನುತ್ತಿದ್ದೆ ನಾನು ಹೆಮ್ಮೆಯಿಂದ. ದಿನಕ್ಕೆ ಹತ್ತಾದರೆ ಸಾಕಿತ್ತು.

ನನ್ನ ನಿಜವಾದ ಹೆಮ್ಮೆ ಬೇರೆಯದು. ನಮಗೆ ಬರುತ್ತಿದ್ದ ಹಳೇ ಮಾಹಿತಿಯ ಹಾಳೆಗಳಲ್ಲಿ ಒಬ್ಬನೇ ಮನುಷ್ಯ ಎರಡೆರಡು ಸಲ ಇರುತ್ತಿದ್ದ. ಟೈಪ್ ಮಾಡಿದವರು ಇಸವಿಗಳನ್ನು ಮನಸ್ಸಿಗೆ ಬಂದಂತೆ ಕುಟ್ಟಿರುತ್ತಿದ್ದರು. ಅಂಥ ಜೋಡಿಗಳನ್ನು ಹಿಡಿದು ಒಂದು ಮಾಡುವುದೂ ನಮ್ಮದೇ ಕೆಲಸ. ಇದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ನಮ್ಮ ಬಾಸ್, ಐವತ್ತು ದಾಟಿದ ಸಿಂಗಪುರದ ಚೀನೀ ಹೆಂಗಸು, ಯಾರನ್ನೂ ಹೊಗಳಿದವರಲ್ಲ. ಅಂಥವರೇ ಒಂದು ದಿನ ನನ್ನ ಮೇಜಿನ ಹತ್ತಿರ ನಿಂತು, "ಯು ಗಾಟ್ ಶಾರ್ಪ್ ಐಸ್, ಆಹ್," ಅಂದಿದ್ದರು. ಆ ದಿನ ನಾನು ಮೂರು ಸ್ಟೇಷನ್ ದೂರ ಎಂಆರ್‌ಟಿ ರೈಲಿನಲ್ಲಿ ಸೀಟು ಖಾಲಿ ಇದ್ದರೂ ನಿಂತೇ ಬಂದೆ.

ಪ್ರೊಬೇಷನ್ ಮುಗಿಯಲು ಒಂದು ವಾರವಿದ್ದಾಗ ಆ ಇಮೇಲ್ ಬಂತು. ಬರೆದವರು ತೊಂಬತ್ತರ ಹತ್ತಿರದ ಒಬ್ಬ ಅಮೆರಿಕದ ಅಜ್ಜಿ. "ನಿಮ್ಮ ಪುಟದ ಪ್ರಕಾರ ನಮ್ಮ ತಾತ ನಾನು ಹುಟ್ಟುವುದಕ್ಕೆ ಇಪ್ಪತ್ತೈದು ವರ್ಷ ಮೊದಲೇ ತೀರಿಕೊಂಡಿದ್ದಾರೆ. ಹಾಗಿದ್ದರೆ ನನಗೆ ಸೈಕಲ್ ಕಲಿಸಿದ್ದು ಯಾರೆಂದು ದಯವಿಟ್ಟು ತಿಳಿಸುವಿರಾ?" ಇಷ್ಟೇ ಇದ್ದದ್ದು.

ಪುಟ ನನ್ನದೇ. ಚೆನ್ನಾಗಿ ನೆನಪಿತ್ತು, ಯಾಕೆಂದರೆ ಬರೆದದ್ದರಲ್ಲೆಲ್ಲ ನನಗೆ ತುಂಬ ಮೆಚ್ಚಿಗೆಯಾದದ್ದು ಅದೇ. ಒಂದೇ ಹೆಸರು, ಒಂದೇ ಊರು, ಇಬ್ಬರೂ ವಕೀಲರು, ಇಬ್ಬರೂ ಅದೇ ಕ್ಷೇತ್ರದಿಂದ ಗೆದ್ದವರು. ಎರಡನೇ ಹಾಳೆಯಲ್ಲಿ ಹುಟ್ಟಿದ ಇಸವಿ ಮೂವತ್ತೆರಡು ವರ್ಷ ಆಚೆ ಇತ್ತು, ಸತ್ತ ಇಸವಿ ಇರಲೇ ಇಲ್ಲ. ಟೈಪಿಸ್ಟನ ಕೈಚಳಕ ಎಂದುಕೊಂಡು ಇಬ್ಬರನ್ನೂ ಒಬ್ಬನನ್ನಾಗಿ ಮಾಡಿದ್ದೆ. ಹಾಗೆ ಮಾಡಿದ ಮೇಲೆ ಆ ಮನುಷ್ಯ ಎಪ್ಪತ್ತನೇ ವಯಸ್ಸಿನಲ್ಲಿ ಇನ್ನೊಮ್ಮೆ ಗೆದ್ದು, ಎರಡು ವರ್ಷ ಸಭೆಯಲ್ಲಿದ್ದು ಕಣ್ಣು ಮುಚ್ಚಿದಂತಾಯಿತು. "ಮುಪ್ಪಿನಲ್ಲೂ ಜನ ಅವನನ್ನು ಮರಳಿ ಕರೆದರು" ಎಂದೊಂದು ವಾಕ್ಯ ಸೇರಿಸಿದ್ದೆ. ಅದನ್ನು ಮನೆಯವರಿಗೆ ಓದಿಯೂ ಹೇಳಿದ್ದೆ.

ಆ ಕೊನೆಯ ಗೆಲುವು ಮಗನದು. ಅಪ್ಪನ ಹೆಸರನ್ನೇ ಇಟ್ಟುಕೊಂಡ ಮಗ.

ಇದು ನನ್ನ ತಲೆಗೆ ಹೇಗೆ ಹೊಳೆದೀತು, ಹೇಳಿ. ನಮ್ಮಲ್ಲಿ ತಾತನ ಹೆಸರು ಮೊಮ್ಮಗನಿಗೆ ಬರುತ್ತದೆ, ಅಪ್ಪನ ಹೆಸರು ಮಗನಿಗಲ್ಲ. ನನ್ನ ಗಂಡನಿಗಿರುವುದೂ ಅವರ ತಾತನ ಹೆಸರೇ. ಅಂದರೆ ನಮ್ಮ ಅತ್ತೆಗೆ ಅದು ಮಾವನವರ ಹೆಸರು, ಬಾಯಲ್ಲಿ ತರುವಂತಿಲ್ಲ. ಅವರು ಮಗನನ್ನು ಜೀವಮಾನದಲ್ಲಿ ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ, ಪುಟ್ಟಣ್ಣ ಎನ್ನುತ್ತಾರೆ. ನನ್ನ ಪ್ರೊಬೇಷನ್ನಿನ ನಡುವೆ ಮೈಸೂರಿನಿಂದ ನಮ್ಮಲ್ಲಿ ಇರಲು ಬಂದಾಗ ಏರ್‌ಪೋರ್ಟಿನಲ್ಲಿ ಯಾರ ಮನೆಗೆ ಬಂದಿರಿ ಎಂದು ಕೇಳಿದ ಅಧಿಕಾರಿಗೆ ಮೊದಲು ಮಗ ಎಂದರಂತೆ, ಮಗನ ಹೆಸರೇನು ಎಂದರೆ, ಅದು ಸೊಸೆಯ ಮನೆ ಎಂದು ನನ್ನ ಹೆಸರು ಬರೆದು ತೋರಿಸಿದರಂತೆ. ಇಂಥ ಮನೆಯಲ್ಲಿ ಹದಿನೈದು ವರ್ಷ ಸೊಸೆಯಾಗಿದ್ದವಳು, ಒಂದು ಮನೆಯಲ್ಲಿ ಅಪ್ಪ ಮಗ ಇಬ್ಬರೂ ಒಂದೇ ಹೆಸರಿಗೆ ಓಗೊಡುತ್ತಾರೆಂದು ಊಹಿಸುವಳೇ? ಯಾರನ್ನಾದರೂ ಕೇಳಬಹುದಿತ್ತು ನಿಜ. ಕೇಳಿದರೆ ಇವಳಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಾರಲ್ಲ, ಅದೊಂದು ಭಯ.

ಬಾಸ್ ಇಮೇಲ್ ಓದಿ ನಕ್ಕರು. "ಅಜ್ಜಿ ವೆರಿ ಫನ್ನಿ. ಸಾರಿ ಹೇಳಿ ಸರಿ ಮಾಡು. ಒಂದೇ ತಪ್ಪು, ನೆವರ್ ಮೈಂಡ್ ಲಾ. ಶುಕ್ರವಾರ ನಿನ್ನ ಕನ್ಫರ್ಮೇಷನ್ ಲೆಟರ್ ಕೊಡ್ತೀನಿ."

ಒಂದೇ ತಪ್ಪು ಎಂದರಲ್ಲ, ಒಂದೇ ಎಂದು ನನಗೇ ನಂಬಿಕೆಯಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನಾನು ಒಂದು ಮಾಡಿದ ಜೋಡಿಗಳನ್ನೆಲ್ಲ ತೆಗೆದು ಮತ್ತೆ ನೋಡಲು ಕೂತೆ. ಹೆಚ್ಚಿನವು ಸರಿಯಾಗೇ ಇದ್ದವು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಸಿಕ್ಕಿತು. ಆ ಅಜ್ಜಿಯ ತಾತನನ್ನೂ ಸೇರಿಸಿ ಹನ್ನೊಂದು ಮಂದಿ ಗಂಡುಮಕ್ಕಳು, ಗೆದ್ದು ಸೋತು ಬಾಳಿದ ಹನ್ನೊಂದು ದೊಡ್ಡ ಗಂಡಸರು, ಅವರವರ ಅಪ್ಪಂದಿರ ಹೊಟ್ಟೆಗೆ ಹೋಗಿದ್ದರು. ಕಳಿಸಿದವಳು ನಾನು. ನನ್ನನ್ನು ಬಿಟ್ಟು ಯಾರಿಗೂ ಇದು ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ. ಆದರೆ ಒಮ್ಮೆ ಪ್ರಕಟವಾದ ಪುಟವನ್ನು ಮುಟ್ಟಬೇಕಾದರೆ ಬಾಸ್ ಸಹಿ ಬೇಕು. ಕದ್ದುಮುಚ್ಚಿ ಸರಿ ಮಾಡುವಂತಿರಲಿಲ್ಲ.

ಮನೆಯವರಿಗೆ ಫೋನ್ ಮಾಡಿದೆ. "ಹುಚ್ಚಾ ನಿಂಗೆ? ನಾಳೆ ಕನ್ಫರ್ಮ್ ಆಗ್ಲಿ. ಆಮೇಲೆ ತಿಂಗಳಿಗೊಂದು ಹೊಸದಾಗಿ ಸಿಕ್ತು ಅಂತ ರಿಪೋರ್ಟ್ ಮಾಡು. ನಮ್ಮ ಟೀಮ್‌ನಲ್ಲಿ ಬಗ್ ಎಲ್ಲಾ ಹಂಗೇ ಕ್ಲೋಸ್ ಮಾಡೋದು," ಅಂದರು. ಬುದ್ಧಿವಂತರ ಮಾತು. ತಲೆ ಆಡಿಸಿದೆ. ಫೋನಿನಲ್ಲಿ ತಲೆ ಆಡಿಸಿದರೆ ಯಾರಿಗೆ ಕಾಣುತ್ತೆ ಎಂಬುದು ಆಮೇಲೆ ಹೊಳೆಯಿತು.

ಸಂಜೆ ಮನೆಗೆ ಬಂದಾಗ ಅತ್ತೆ ಕೆಳಗೆ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಕಟ್ಟಡದ ಅಡಿಯ ಖಾಲಿ ಬಿಟ್ಟ ಅಂಗಳದಲ್ಲಿ, ಕಲ್ಲು ಬೆಂಚಿನ ಮೇಲೆ ಕೂತು, ಪಕ್ಕದ ಬ್ಲಾಕಿನ ಚೀನೀ ಅಜ್ಜಿಯ ಜೊತೆ ಹರಟುತ್ತಿದ್ದರು. ಇವರಿಗೆ ಅವರ ಭಾಷೆ ಬಾರದು, ಅವರಿಗೆ ಇವರದು ಬಾರದು. ಆದರೂ ದಿನಾ ಒಂದು ಗಂಟೆ ಮಾತು. ನನ್ನನ್ನು ಕಂಡದ್ದೇ, "ಯಾಕೇ, ಹರಳೆಣ್ಣೆ ಕುಡಿದೋರ ಥರ ಮುಖ ಮಾಡ್ಕೊಂಡಿದೀಯಾ?" ಎಂದರು.

ಕೂತು ಎಲ್ಲಾ ಹೇಳಿದೆ. ಅವರಿಗೆ ನನ್ನ ಪ್ರೊಬೇಷನ್ ಮುಖ್ಯವಾಗಲಿಲ್ಲ. "ಅಪ್ಪಂದೂ ಮಗಂದೂ ಒಂದೇ ಹೆಸರಾ? ಮತ್ತೆ ಆ ಹೆಂಗಸು ಮಗನ್ನ ಬೈಯೋದು ಹೇಗೆ? ಮಗನ್ನ ಗದರಿಸಿದ್ರೆ ಗಂಡ ಎದ್ದು ಬರಲ್ವಾ?" ಎಂದು ಕೇಳಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಚೀನೀ ಅಜ್ಜಿಗೆ ಏನೂ ತಿಳಿಯದೆ ಅವರೂ ನಕ್ಕರು. ನಗು ಮುಗಿದ ಮೇಲೆ ಅತ್ತೆ ಕೇಳಿದರು, "ಹನ್ನೊಂದು ಮಕ್ಕಳು ಇಲ್ಲ ಅಂದ್ಬಿಟ್ರೆ ಅವರಮ್ಮಂದಿರು ಏನಂದ್ಕೋತಾರೆ?"

"ಅಯ್ಯೋ, ಅವರೆಲ್ಲ ಹೋಗಿ ನೂರು ವರ್ಷ ಆಯ್ತು, ಅತ್ತೆ."

"ಹೋದ್ರೇನೇ? ಹೆತ್ತಿದ್ದು ಸುಳ್ಳಾಗುತ್ತಾ?"

ನನಗೆ ಮೊದಲು ಬಂದದ್ದು ಸಿಟ್ಟು. ಎಂಟು ವರ್ಷ ಅಡುಗೆಮನೆಯಲ್ಲಿ ಕಾದವಳು ನಾನು, ಅವರ ಕನಿಕರವೆಲ್ಲ ಎಂದೋ ಮಣ್ಣಾದ ಅಮೆರಿಕದ ಹೆಂಗಸರ ಮೇಲೆ. ಲಿಫ್ಟಿನಲ್ಲಿ ಮೇಲೆ ಬರುವಷ್ಟರಲ್ಲಿ ಆ ಸಿಟ್ಟು ನನ್ನ ಮೇಲೇ ತಿರುಗಿತು. ಗಂಡನ ಹೆಸರಿನ ಕೆಳಗೆ ನನ್ನ ಹೆಸರು ಬಂದಾಗಲೆಲ್ಲ ಮೂಗು ಮುರಿದವಳು, ಇನ್ನೊಬ್ಬರ ಹೆಸರನ್ನು ಪೂರಾ ಅಳಿಸಿ ಅದಕ್ಕೊಂದು ಕಣ್ಣೀರಿನ ವಾಕ್ಯ ಬೇರೆ ಸೇರಿಸಿದ್ದೆ.

ಶುಕ್ರವಾರ ಬೆಳಿಗ್ಗೆ ಪಟ್ಟಿ ಹಿಡಿದು ಬಾಸ್ ಕ್ಯಾಬಿನ್ನಿಗೆ ಹೋದೆ. ಮೇಜಿನ ಮೇಲೆ ಕವರ್ ಇತ್ತು, ಮೇಲೆ ನನ್ನ ಹೆಸರು. ಅದನ್ನು ನೋಡಬಾರದೆಂದುಕೊಂಡೇ ನೋಡಿದೆ. ಪಟ್ಟಿ ಕೊಟ್ಟು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅವರು ಕನ್ನಡಕ ತೆಗೆದರು.

"ಹನ್ನೊಂದು? ಯಾರು ಕಂಪ್ಲೇಂಟ್ ಮಾಡಿದ್ರು?"

"ಯಾರೂ ಇಲ್ಲ. ನಾನೇ ನೋಡಿದೆ."

"ಐಯೋ! ಹೇಳದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ," ಎಂದರು ಬೇಜಾರಿನಿಂದ, ನಾನು ಹೇಳಿದ್ದೇ ತಪ್ಪು ಎನ್ನುವ ಹಾಗೆ. ಅವರ ಬಾಯಲ್ಲಿ "ಐಯೋ" ಕೇಳಿದಾಗಲೆಲ್ಲ ನಮ್ಮ ಕಡೆಯವರೇ ಅನ್ನಿಸುತ್ತಿತ್ತು, ಆ ದಿನ ಮಾತ್ರ ಅನ್ನಿಸಲಿಲ್ಲ. ಕವರನ್ನು ಎತ್ತಿ ಡ್ರಾಯರಿನೊಳಗಿಟ್ಟು ಮುಚ್ಚಿದರು. "ಇನ್ನೂ ಮೂರು ತಿಂಗಳು ಪ್ರೊಬೇಷನ್. ಮೊದಲು ಈ ಹನ್ನೊಂದು ಜನರನ್ನ ವಾಪಸ್ ಕರ್ಕೊಂಡು ಬಾ. ಆಮೇಲೆ ನೋಡೋಣ."

ಟಾಯ್ಲೆಟ್ಟಿಗೆ ಹೋಗಿ ಅತ್ತುಬಿಟ್ಟೆ. ಐದು ನಿಮಿಷ. ಮುಖ ತೊಳೆದುಕೊಂಡು ಬಂದು ಮೊದಲನೇ ಹಾಳೆ ತೆಗೆದೆ.

ಮಕ್ಕಳ ಬದುಕು ಅಪ್ಪಂದಿರದಕ್ಕಿಂತ ಸಣ್ಣದು. ಅಪ್ಪ ನಾಲ್ಕು ಸಲ ಗೆದ್ದಿದ್ದರೆ ಮಗ ಒಂದು ಸಲ. ಅಪ್ಪನ ಹೆಸರು ನೋಡಿ ಜನ ಮತ ಹಾಕಿ ಕಳಿಸಿದ್ದರು, ಎರಡು ವರ್ಷ ಮಗನ ಮುಖ ನೋಡಿದ ಮೇಲೆ ವಾಪಸ್ ಕರೆಸಿಕೊಂಡಿದ್ದರು. ಅಜ್ಜಿಯ ತಾತನೂ ಹಾಗೇ. ಒಂದು ಅವಧಿ, ಒಂದು ಸೋಲು, ಆಮೇಲೆ ಮೂವತ್ತು ಚಿಲ್ಲರೆ ವರ್ಷ ಊರಿನ ವಕೀಲಿ. ನಾನು ಅಜ್ಜಿಗೆ ಬರೆದು ಕ್ಷಮೆ ಕೇಳಿ, ತಾತ ಸೈಕಲ್ ಹೇಗೆ ಕಲಿಸಿದರು ಎಂದು ವಿಚಾರಿಸಿದೆ. ಹಿಂದಿನಿಂದ ಹಿಡಿದುಕೊಂಡಿದೀನಿ ಅಂತ ಹೇಳುತ್ತಲೇ ಕೈಬಿಟ್ಟರಂತೆ. "ವಕೀಲರಲ್ಲವೆ," ಎಂದು ಅಜ್ಜಿ ಬರೆದಿದ್ದರು.

ಇನ್ನೊಂದು ತಕರಾರು ಉಳಿದಿತ್ತು. ನಮ್ಮ ಆಫೀಸಿನ ನಿಯಮದ ಪ್ರಕಾರ ಅಪ್ಪನೂ ರಾಜಕಾರಣಿಯಾಗಿದ್ದರೆ ಮಗನ ಪುಟದ ಮೊದಲ ಸಾಲೇ "ಇಂಥವರ ಮಗ" ಎಂದಿರಬೇಕು. ಹನ್ನೊಂದರಲ್ಲೂ ನಾನು ಅದನ್ನು ಕೊನೇ ಸಾಲಿಗೆ ತಳ್ಳಿದೆ, ಸ್ಮಶಾನದ ಪಕ್ಕಕ್ಕೆ. ಮೂರು ತಿಂಗಳಾದ ಮೇಲೆ ಬಾಸ್ ಎಲ್ಲಾ ಪುಟಗಳನ್ನು ಓದಿ, ಆ ಸಾಲಿನ ಮೇಲೆ ಪೆನ್ನಿಟ್ಟು ನನ್ನನ್ನು ನೋಡಿದರು.

"ಈಗಷ್ಟೇ ಅಪ್ಪನಿಂದ ಬಿಡಿಸ್ಕೊಂಡು ಬಂದಿದಾರೆ," ಎಂದೆ. "ಬಾಗಿಲಲ್ಲೇ ಮತ್ತೆ ಅಪ್ಪನ್ನ ನಿಲ್ಲಿಸೋದು ಬೇಡ."

ಅವರು ಪೆನ್ನನ್ನು ಆ ಸಾಲಿನ ಮೇಲಿಂದ ಎತ್ತಿದರು. "ಕ್ಯಾನ್," ಎಂದರು. ಆಗಬಹುದು ಎಂದು ಹೇಳಲು ಆ ಊರಿನಲ್ಲಿ ಅಷ್ಟು ಸಾಕು. ಹನ್ನೊಂದಕ್ಕೂ ಸಹಿ ಹಾಕಿ ಡ್ರಾಯರ್ ತೆಗೆದರು. ತಾರೀಕನ್ನಷ್ಟೇ ಹೊಡೆದು ತಿದ್ದಿದ್ದ ಅದೇ ಪತ್ರ ನನ್ನ ಕೈಗೆ ಬಂತು.

ಅಷ್ಟರಲ್ಲಿ ಅತ್ತೆ ಮೈಸೂರಿಗೆ ಹೋಗಿದ್ದರು. ಭಾನುವಾರ ಫೋನ್ ಮಾಡಿ ಕನ್ಫರ್ಮ್ ಆದ ಸುದ್ದಿ ಹೇಳಿದೆ. ಸಂತೋಷ ಎಂದರು. ಹೊಸ ಪುಟ ನೋಡಿ ಅಮೆರಿಕದ ಅಜ್ಜಿ ಕಳಿಸಿದ್ದ ಉತ್ತರವನ್ನೂ ಕನ್ನಡ ಮಾಡಿ ಹೇಳಿದೆ. ನಮ್ಮ ತಾತನ ವಿಷಯ ಬರೆದವರೆಲ್ಲ ಅವರಪ್ಪನಿಂದಲೇ ಶುರು ಮಾಡುತ್ತಿದ್ದರು, ನಿಮ್ಮ ಪುಟದಲ್ಲಿ ಅವರೇ ಮೊದಲು ಬಂದಿದ್ದಾರೆ, ಎರಡು ಸಲ ಓದಿಸಿಕೊಂಡೆ, ಎಂದು ಅವರು ಬರೆದಿದ್ದರು.

ಅತ್ತೆ ಕೇಳಿದರು, "ಮಿಕ್ಕ ಹತ್ತು ಜನದ್ದು ಯಾರು ಓದಿಸ್ಕೊಂಡ್ರು?"

"ಯಾರೂ ಇಲ್ಲ ಅತ್ತೆ. ಅವರಿಗೋಸ್ಕರ ಯಾರೂ ಬರೆದು ಕೇಳ್ಲಿಲ್ಲ."

"ಹಾಗಾದ್ರೆ ಓದು. ನಾನು ಕೇಳ್ತೀನಿ."

ಲ್ಯಾಪ್‌ಟಾಪ್ ತೆರೆದು, ಒಂದೊಂದು ಸಾಲನ್ನೂ ಕನ್ನಡ ಮಾಡುತ್ತಾ ಓದತೊಡಗಿದೆ. ಹುಟ್ಟಿದ, ಓದಿದ, ವಕೀಲನಾದ, ಗೆದ್ದ, ಸೋತ, ಊರಿಗೆ ಮರಳಿದ. ಹತ್ತು ಮಂದಿಯದೂ ಹೆಚ್ಚುಕಡಿಮೆ ಅದೇ ಕಥೆ. ಮುಕ್ಕಾಲು ಗಂಟೆ ಹಿಡಿಯಿತು. ಒಬ್ಬೊಬ್ಬನ ಹೆಸರು ಬಂದಾಗಲೂ ಅತ್ತೆ ಆ ಕಡೆಯಿಂದ "ಹೂಂ" ಎನ್ನುತ್ತಿದ್ದರು.