ಬಾಲದ ಕೆಳಗಿನ ಸಾಲು

ಮೊಮ್ಮಗಳ ಕಾಲೇಜಿನ ಬಿಳಿ ಕೋಟನ್ನು ನೆನೆಹಾಕುವಾಗ ಅದೇ ವಾಸನೆ ಮೂಗಿಗೆ ಹೊಡೆಯಿತು. ಸತ್ತ ಪ್ರಾಣಿ ಕೊಳೆಯದಂತೆ ಬಾಟಲಿಗೆ ಹಾಕುವ ಫಾರ್ಮಲಿನ್. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯ ಬಯಾಲಜಿ ಮೇಷ್ಟ್ರು ಹತ್ತಿರ ಬಂದರೆ ಇದೇ ನಾರುತ್ತಿತ್ತು.

ಊರವರು ಹೊಡೆದ ಹಾವನ್ನೆಲ್ಲ ಅವರು ಕೇಳಿ ಪಡೆಯುತ್ತಿದ್ದರು. ತಲೆ ಮಾತ್ರ ಜಜ್ಜಬೇಡಿ ಎಂದು ಗೋಗರೆಯುತ್ತಿದ್ದರು. ನಾವೋ, ತಲೆ ಜಜ್ಜದೆ ಬಿಟ್ಟರೆ ಹಾವು ಸೇಡು ತೀರಿಸಿಕೊಳ್ಳುತ್ತದೆ ಎಂದು ನಂಬಿದವರು. ಮೇಷ್ಟ್ರು ಮಾತ್ರ, ಹಾವಿಗೂ ವಂಶ, ದಾಯಾದಿಗಳು ಇದ್ದಾರೆ, ಮೈಬಣ್ಣ ನೋಡಿ ನೆಂಟಸ್ತಿಕೆ ಕಟ್ಟಬಾರದು ಎನ್ನುತ್ತಿದ್ದರು. ಕೆಲಸವಿಲ್ಲದವರ ಮಾತು ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ, ಐದು ವರ್ಷದ ನನ್ನ ಮಗಳು ಮಲಗಿದ್ದ ಚಾಪೆಯ ಅಡಿಯಿಂದ ಕಪ್ಪು ಮೈಗೆ ಬಿಳಿ ಪಟ್ಟೆಯ ಹಾವು ಹೊರಬಂತು. ಸೌದೆ ತೆಗೆದುಕೊಂಡು ಬಡಿದೆ. ತಲೆ ಚಟ್ನಿಯಾಯಿತು, ರಕ್ತ ಗೋಡೆಗೆ ಸಿಡಿಯಿತು, ಆದರೂ ಕೈ ನಿಲ್ಲಲಿಲ್ಲ. ಮಗಳ ಮೈಮೇಲೆ ಗಾಯ ಕಾಣಲಿಲ್ಲ. ನಮ್ಮ ಯಜಮಾನರು ಪಟ್ಟೆ ನೋಡಿ, ತೋಳದ ಹಾವು, ವಿಷವಿಲ್ಲ ಎಂದರು. ಮಗಳು ಹೊಟ್ಟೆನೋವು ಎಂದವಳು ಮತ್ತೆ ಕಣ್ಣು ಮುಚ್ಚಿದಳು. ನಿದ್ದೆ ಸಾಲದು ಅಂದುಕೊಂಡೆ...

ಗಲಾಟೆ ಕೇಳಿ ಬಂದ ಮೇಷ್ಟ್ರು ಹಾವನ್ನು ಮಗುಚಿ ಬಾಲದ ಅಡಿ ನೋಡಿದರು.

"ತೋಳದ ಹಾವು ಕೇರೆಹಾವಿನ ಕಡೇದು ಕಣಮ್ಮ, ಇಲ್ಲಿ ಹುರುಪೆ ಎರಡು ಸಾಲು ಇರುತ್ತೆ. ಇದಕ್ಕೆ ಒಂದೇ ಸಾಲು. ಕಟ್ಟುಹಾವು ಇದು, ನಾಗರಹಾವಿನ ದಾಯಾದಿ, ಕಚ್ಚಿದ ಗಾಯಾನೂ ಕಾಣಲ್ಲ. ಮಗೂನ ಕೊಡಿ."

ಕೊಡುವವರೆಗೆ ಕಾಯದೆ ಎತ್ತಿಕೊಂಡೇಬಿಟ್ಟರು.

"ಹೆಣ ಕುಯ್ಯೋ ಕೈಲಿ ನನ್ ಮಗೀನ ಮುಟ್ಬ್ಯಾಡ, ಬುಡು" ಎಂದು ಅದೇ ಸೌದೆಯಿಂದ ಅವರ ಬಾಯಿಗೆ ಹೊಡೆದೆ. ಮುಂದಿನ ಹಲ್ಲು ಮುರಿದು ಬಿತ್ತು. ಮಗುವಿನ ಲಂಗದ ಮೇಲೆಲ್ಲ ಅವರ ರಕ್ತ. ಅವರು ಬಿಡಲಿಲ್ಲ. ರಸ್ತೆಗೆ ಓಡಿ ಲಾರಿಗೆ ಅಡ್ಡ ನಿಂತರು, ನಾನೂ ಬೈಯುತ್ತ ಹಿಂದೆಯೇ ಹತ್ತಿದೆ. ದಾರಿಯಲ್ಲಿ ಮಗಳನ್ನು ಚಿವುಟಿದೆ, ಕೆನ್ನೆಗೆ ಬಡಿದೆ. ರೆಪ್ಪೆ ಏಳಲಿಲ್ಲ. ಗಂಟಲು ಗೊರಗೊರ ಎಂದಾಗ ಸೌದೆ ಕೈಯಿಂದ ಬಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಮೂರನೇ ದಿನ ಕಣ್ಣುಬಿಟ್ಟಳು.

ಮೇಷ್ಟ್ರು ಆ ಹಾವನ್ನು ಬಾಟಲಿಗೆ ಹಾಕಿ ತುಮಕೂರಿನ ಕಾಲೇಜೊಂದಕ್ಕೆ ಕೊಟ್ಟರು. ಆಮೇಲೆ ಕುಣಿಗಲ್‌ಗೆ ವರ್ಗವಾಗಿ ಹೋದರು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಅವರು ತೀರಿಕೊಂಡದ್ದು ತಿಥಿ ಮುಗಿದ ಮೇಲೆ ತಿಳಿಯಿತು...

ಆ ಮಗಳ ಮಗಳೇ ಈಗ ಅದೇ ಕಾಲೇಜಿನಲ್ಲಿ ಓದುತ್ತಿರುವುದು. ಕೋಟು ಹಿಂಡುತ್ತಿದ್ದರೆ ಬಂದು ಗೊಣಗಿದಳು.

"ನಮ್ ಲ್ಯಾಬಲ್ಲಿ ತಲೆನೇ ಇಲ್ದಿರೋ ಹಾವೊಂದು ಇಟ್ಟವ್ರೆ ಅಜ್ಜಿ. ಯಾವ್ ಕಟುಕ ಜಜ್ಜಿದ್ನೋ."

ನಾನೇ ಕಣೇ ಎಂದೆ. ಹಾವಿನ ಕತೆ ಹೇಳಿದೆ. ಹಲ್ಲಿನದನ್ನು ಇನ್ನೂ ಹೇಳಿಲ್ಲ.