ಔಡಲದ ಗ್ರೀಸು, ಅಕ್ಕನ ಕೈ

ಗ್ರೀಸಿನ ವಾಸನೆ ಹೊಡೆಯುವ ರೊಟ್ಟಿ ನೀವು ತಿಂದಿರಲಿಕ್ಕಿಲ್ಲ. ನಾನು ತಿಂದಿದ್ದೇನೆ, ಅದೂ ಸ್ವಂತ ಅಕ್ಕನ ಮನೆಯಲ್ಲಿ. ಶಹಾಬಾದಿನ ಒಂದು ನೆಲಹಾಸಿನ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಅವಳ ಕೆಲಸ. ದಿನಾ ಬೆಳಿಗ್ಗೆ ಮಷೀನಿನ ಬೇರಿಂಗಿಗೆ ಬರಿಗೈಯಿಂದ ಗ್ರೀಸು ತುಂಬಬೇಕು, ಆಮೇಲೆ ಸಂಜೆಯತನಕ ಕಲ್ಲು ತೊಳೆಯಬೇಕು. ಆ ಕರಿ ಗ್ರೀಸು ಸಾಬೂನಿಗೆ ಜಗ್ಗುವುದಿಲ್ಲ, ಡೀಸೆಲ್ ಹಚ್ಚಿ ತಿಕ್ಕಬೇಕು. ಅಂಗೈ ಸೀಳಿ, ಸೀಳಿನೊಳಗೆ ಕಪ್ಪು ಕೂತು, ಅದೇ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ ನಾನು ಎರಡು ತುತ್ತು ನುಂಗಿ ಉಳಿದದ್ದನ್ನು ನಾಯಿಗೆ ಹಾಕಿದೆ. ನಾಯಿ ಮೂಸಿ ನೋಡಿ ಹೊರಟುಹೋಯಿತು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮುಂದಿನ ವಾರ ಹೋದಾಗ ಪಕ್ಕದ ಮನೆಯಿಂದ ರೊಟ್ಟಿ ತರಿಸಿಟ್ಟಿದ್ದಳು. ಥೂ, ನನ್ನ ಜನ್ಮಕ್ಕಿಷ್ಟು!

ನಾನು ಚಿತ್ತಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು. ಗ್ರೀಸೆಂದರೆ ಎಣ್ಣೆಯನ್ನು ಸಾಬೂನಿನಂಥ ವಸ್ತುವಿನಲ್ಲಿ ಹಿಡಿದಿಟ್ಟದ್ದು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಹಾಗಿದ್ದರೆ ನೆಲದಲ್ಲಿ ಕೊಳೆತು ಮಣ್ಣಾಗುವ, ಕೈ ಸುಡದ ಗ್ರೀಸನ್ನು ನಾನೇ ಯಾಕೆ ಮಾಡಬಾರದು? ಮೊದಲು ಹೊಂಗೆ ಎಣ್ಣೆಯಲ್ಲಿ ಮಾಡಿದೆ. ಹದಿನೈದು ದಿನಕ್ಕೆ ಅದು ಹಳಸಿ, ಪ್ರಯೋಗಶಾಲೆಯಲ್ಲಿ ಇಲಿ ಸತ್ತಿದೆ ಎಂದು ಜವಾನ ಕಪಾಟೆಲ್ಲ ಹುಡುಕಿದ. ಕಡೆಗೆ ಔಡಲ ಎಣ್ಣೆಗೆ, ಅಂದರೆ ಹರಳೆಣ್ಣೆಗೆ, ನಮ್ಮೂರ ಕಲ್ಲಿನದೇ ಅರಳಿಸಿದ ಸುಣ್ಣ ಹಾಕಿ ಕುದಿಸಿದೆ. ಸುಣ್ಣ ಹೆಚ್ಚಾದರೆ ಚರ್ಮ ಉರಿಯುತ್ತದೆ, ಕಡಿಮೆಯಾದರೆ ಗ್ರೀಸು ಸೋರುತ್ತದೆ. ಹದ ಸಿಗಲು ಒಂದು ಬೇಸಿಗೆಯೇ ಹೋಯಿತು. ಸಿಕ್ಕ ದಿನ ಅದು ಬೆಣ್ಣೆಯ ಹಾಗೆ ಬೆಳ್ಳಗಿತ್ತು, ನೀರು ಸುರಿದರೂ ಕದಲಲಿಲ್ಲ.

ಕಾರ್ಖಾನೆಯ ಸಾಹುಕಾರ ಒಂದು ಮಷೀನನ್ನು ಒಂದು ತಿಂಗಳ ಮಟ್ಟಿಗೆ ಬಿಟ್ಟುಕೊಟ್ಟ. ಅದು ಓಡಿದರೆ ಎಲ್ಲ ಮಷೀನಿಗೂ ನನ್ನ ಗ್ರೀಸು, ಕರಿ ಡಬ್ಬಿಗಳೆಲ್ಲ ಹೊರಗೆ ಎಂದು ಮಾತು ಕೊಟ್ಟ. ನಾನು ಬೇರಿಂಗ್ ಬಿಚ್ಚಿ ಹಳೆಯ ಕರಿ ಗ್ರೀಸನ್ನು ಕೆರೆದು ತೆಗೆದೆ. ಕಲ್ಲಿನ ಪುಡಿ ಬೆರೆತ ಆ ಹೊಲಸು ಕೀವಿನಂತೆ ಒಸರುತ್ತಿತ್ತು. ಅದನ್ನು ಒಂದು ಡಬ್ಬಿಯಲ್ಲಿ ಮೂಲೆಗಿಟ್ಟು, ಹೊಸ ಗ್ರೀಸಿನ ಡಬ್ಬಿಯನ್ನು ಅಕ್ಕನ ಕೈಗೆ ಕೊಟ್ಟೆ.

ಇಪ್ಪತ್ತು ದಿನಕ್ಕೆ ಸಾಹುಕಾರನ ಫೋನು ಬಂತು. ಹೋಗಿ ನೋಡಿದರೆ ಬೇರಿಂಗ್ ಕಿತ್ತುಹೋಗಿತ್ತು.

"ಏನ್ರಿ ಸರ, ನಿಮ್ಮ ಗ್ರೀಸ್ ತಿಂದ್ರೂ ಏನಾಗಂಗಿಲ್ಲ ಅಂದ್ರಿ. ಅದೇ ನನ್ನ ಬೇರಿಂಗ್ ತಿಂದು ಕುಂತದ ನೋಡ್ರಿ!" ಎಂದು ಸಾಹುಕಾರ ಗುಟ್ಕಾ ಉಗುಳಿ ನಕ್ಕ. ಆ ಕೆಂಪು ಉಗುಳು ಕಲ್ಲಿನ ಕೆಸರಿನ ಮೇಲೆ ತೇಲಿತು.

ಬೇರಿಂಗಿನೊಳಗೆ ಬೆರಳು ಹಾಕಿದೆ. ಕರ್‍ರಗೆ, ಮರಳುಮರಳಾಗಿ, ನಾನೇ ಕೆರೆದು ಮೂಲೆಗಿಟ್ಟ ಅದೇ ಹೊಲಸು! ಬಾಯಿ ಮುಚ್ಚಿಕೊಂಡು ಸೀದಾ ಅಕ್ಕನ ಮನೆಗೆ ಹೋದೆ. ನನ್ನ ಡಬ್ಬಿ ಅಡುಗೆಮನೆಯಲ್ಲಿ, ತೊಗರಿಬೇಳೆಯ ಡಬ್ಬದ ಪಕ್ಕದಲ್ಲಿ ಕೂತಿತ್ತು, ಅರ್ಧ ಖಾಲಿ.

"ಇದೇನಕ್ಕಾ?"

"ಯಾಕ, ಔಡಲ ಎಣ್ಣಿ ಅಂತ ನೀನೇ ಹೇಳಿದ್ದಿ ಅಲ್ಲಾ? ಬ್ಯಾಳಿಗಿ ಹುಳ ಹತ್ತಬಾರದಂತ ಸವರೀನಿ. ವರ್ಷಾ ಔಡಲ ಎಣ್ಣೀನೇ ಸವರತೀವಿ. ಇಂಥಾ ಛಂದಂದು ತಗೊಂಡು ಮಷೀನಿಗಿ ಬಡೀಲೇನು? ಮಷೀನಿಗೇನು ಗೊತ್ತಾಗ್ತದ?"

ಹೋದ ವಾರ ಇವಳ ಮನೆಯಲ್ಲಿ ಉಂಡ ಬೇಳೆ ತುಟಿಗೆ ಮೇಣದಂತೆ ಅಂಟಿದ್ದು ಆಗ ನೆನಪಾಯಿತು. ಛೀ! "ಬುದ್ಧಿ ಅದ ಏನು ನಿನಗ? ಅದು ಅಡಿಗಿ ಎಣ್ಣಿ ಅಲ್ಲ! ನನ್ನ ವರ್ಷದ ಕೆಲಸ ಹಾಳು ಮಾಡ್ದಿ," ಎಂದು ಕೂಗಾಡಿದೆ.

ಅವಳು ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದಳು. ಸೀಳುಗಳೆಲ್ಲ ಕೂಡಿಕೊಂಡಿದ್ದವು. ಕಪ್ಪು ಹೋಗಿ ಗೆರೆಗಳು ಕಾಣುತ್ತಿದ್ದವು.

"ರಾತ್ರಿ ಮಲಗುವಾಗ ಹಚ್ಕೊಂಡೆ. ಮಷೀನಿಗಿ ನೀ ಕೆರದಿಟ್ಟ ಕರೀದು ತುಂಬುವಾಗ ಕೈಗಿ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡೆ. ಒಂದೇ ಮಷೀನಿನ ಮಾತಲ್ಲೇನು, ನಡೀತದ ಅಂದ್ಕೊಂಡೆ."

ಸಾಹುಕಾರನಿಗೆ ನಿಜ ಹೇಳಿದರೆ ನನ್ನ ಗ್ರೀಸು ಉಳಿಯುತ್ತಿತ್ತು, ಅಕ್ಕನ ಕೆಲಸ ಹೋಗುತ್ತಿತ್ತು. ಮರಳಿ ಹೋಗಿ, ತಪ್ಪು ನನ್ನ ಗ್ರೀಸಿನದೇ ಎಂದೆ. ಅವನು ಬೆನ್ನು ತಟ್ಟಿದ. ಆ ಕೈಯ ಜಿಡ್ಡು ನನ್ನ ಅಂಗಿಗೆ ಹತ್ತಿತು. ನಾಳೆಯಿಂದ ಆ ಮಷೀನಿಗೂ ಕರಿ ಡಬ್ಬಿಯೇ, ಚೀಲಗೀಲ ಕಟ್ಟಿಕೊಂಡು ಹೊತ್ತು ಕಳೆಯುವುದು ಬೇಡ ಎಂದು ನನ್ನೆದುರೇ ಕೂಲಿಗಳ ಉಸ್ತುವಾರಿ ನೋಡುವ ಮುಕಾದಮನಿಗೆ ಹೇಳಿದ.

ತಿರುಗಿ ಬಂದು ಅಕ್ಕನಿಗೆ ಇಷ್ಟನ್ನೂ ಹೇಳಿದೆ. ಅವಳು ಹಿಟ್ಟು ನಾದಲು ಕೂತಳು.

"ಕುಂದರು ತಮ್ಮಾ, ಇವತ್ತು ಹೊಟ್ಟಿ ತುಂಬ ಉಂಡು ಹೋಗು," ಎಂದಳು. "ನಾಳಿಂದ ಮತ್ತ ವಾಸನಿ ಬರ್ತದ."